ಎರಡನೇ ಸಲ ಕೇಳಬಾರದು

ಅತಿಥಿ ಸತ್ಕಾರವನ್ನು ಸರ್ಕಾರದ ಖರ್ಚಿನಲ್ಲಿ ಕಲಿತು ಬಂದ ಮೊದಲ ಮನುಷ್ಯ ನಮ್ಮ ಪುರವರ ಹೋಬಳಿಯಲ್ಲಿ ನಾನೇ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಪಡುವ ಸ್ಥಿತಿಯಲ್ಲಿ ನಾನು ಉಳಿದೂ ಇಲ್ಲ. ಆದರೆ ಎಂಬತ್ತರ ದಶಕ ಇನ್ನೂ ಹೊಸದಾಗಿದ್ದ ಆ ಕಾಲಕ್ಕೆ, ಬಿ.ಎ. ಮುಗಿಸಿ, ಮದುವೆಯನ್ನೂ ಮಾಡಿಕೊಂಡು, ಮನೆಯ ಜಗಲಿಯ ಮೇಲೆ ಖಾಯಂ ಆಗಿ ಕೂತಿದ್ದ ನನಗೆ ಹೇಳಿಕೊಳ್ಳಲು ಇದ್ದದ್ದು ಅದೊಂದೇ.

ಆಗ ಸರ್ಕಾರಕ್ಕೆ ಒಂದು ಯೋಚನೆ ಬಂದಿತ್ತು. ದೇಶಕ್ಕೆ ಪ್ರವಾಸಿಗಳು ಬರುತ್ತಾರೆ. ಅವರಿಗೆ ಅಡುಗೆ ಮಾಡಿ ಬಡಿಸಲು ತರಬೇತಿಯಾದ ಜನ ಬೇಕು. ಇತ್ತ ಓದಿದ ಹುಡುಗರು ಕೆಲಸವಿಲ್ಲದೆ ಕೂತಿದ್ದಾರೆ. ಎರಡನ್ನೂ ಸೇರಿಸಿಬಿಟ್ಟರೆ ಆಯಿತು! ಯೋಚನೆ ತಪ್ಪಲ್ಲ ಎಂದು ಇವತ್ತಿಗೂ ಹೇಳುತ್ತೇನೆ. ಮಧುಗಿರಿಯ ಕಚೇರಿಯಲ್ಲಿ ಒಬ್ಬ ಸಾಹೇಬರು ಕಿಟಕಿಯಾಚೆಯ ಬೆಟ್ಟ ತೋರಿಸಿ, "ನೋಡ್ರೀ ರಂಗಸ್ವಾಮಿ, ಇಷ್ಟು ದೊಡ್ಡ ಬಂಡೆ ಇನ್ನೆಲ್ಲಿದೆ? ಫಾರಿನ್‌ನವರು ಬಂದೇ ಬರ್ತಾರೆ. ಬಂದವರಿಗೆ ಬಡಿಸೋರು ಯಾರು?" ಎಂದರು. ನಾನು ಬೆಟ್ಟದ ಕಡೆ ನೋಡಿದೆ. ಫಾರಿನ್‌ನವರು ಆಗಲೇ ಹಸಿದುಕೊಂಡು ಕೆಳಗಿಳಿದು ಬರುತ್ತಿರುವ ಹಾಗೆ ಕಂಡಿತು. ತಕ್ಷಣ ಒಪ್ಪಿಕೊಂಡೆ.

ತರಬೇತಿ ತುಮಕೂರಿನ ಒಂದು ಬಾಡಿಗೆ ಕಟ್ಟಡದಲ್ಲಿ. ಶಿರಾದವರು, ಕೊರಟಗೆರೆಯವರು, ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುವ ಪಾವಗಡದವರು ಎಲ್ಲ ಇದ್ದೆವು. ತಟ್ಟೆ, ಲೋಟ, ಚಮಚ, ಬಿಳಿ ಟೋಪಿ, ಎಡಗೈ ಮೇಲೆ ಇಳಿಬಿಟ್ಟುಕೊಳ್ಳುವ ಬಿಳಿ ಬಟ್ಟೆ ಎಲ್ಲವೂ ಬಂದಿದ್ದವು. ಒಲೆ ಬಂದಿರಲಿಲ್ಲ. ಅದು ಬೇರೆ ಇಲಾಖೆಯಿಂದ ಬರಬೇಕಂತೆ! ಒಲೆ ಬರುವ ತನಕ ಸುಮ್ಮನೆ ಕೂರುವುದೇಕೆ ಎಂದು ನಮ್ಮ ಮೇಷ್ಟ್ರು ಮೊದಲು ಬಡಿಸುವುದನ್ನು ಕಲಿಸಲು ಶುರು ಮಾಡಿದರು. ತರಬೇತಿ ಮುಗಿದರೂ ಒಲೆ ಬರಲಿಲ್ಲ. ಹೀಗಾಗಿ ಅಡುಗೆಯವರಾಗಲು ಹೋದ ನಾವು ಬರೀ ಬಡಿಸುವವರಾಗಿ ವಾಪಸ್ಸು ಬಂದೆವು. ಅದೂ ಖಾಲಿ ಪಾತ್ರೆಯಿಂದ ಖಾಲಿ ತಟ್ಟೆಗೆ ಬಡಿಸಿ ಬಡಿಸಿ.

ಮೇಷ್ಟ್ರನ್ನು ದೂರುವ ಹಾಗಿಲ್ಲ. ದೊಡ್ಡ ದೊಡ್ಡ ಹೋಟೆಲುಗಳಲ್ಲಿ ಕೆಲಸ ಮಾಡಿ ಬಂದ ಶ್ರದ್ಧೆಯ ಮನುಷ್ಯ. ನಮ್ಮಲ್ಲಿ ಅರ್ಧ ಜನರನ್ನು ಅತಿಥಿಗಳೆಂದು ಕೂರಿಸಿ, ಉಳಿದರ್ಧದವರು ಬಡಿಸಬೇಕೆಂದು ಹೇಳಿ, ಹಿಂದೆ ನಿಂತು ಪಾಠ ಮಾಡುತ್ತಿದ್ದರು. "ಅತಿಥಿಯ ಮಾತೇ ಕೊನೆಯ ಮಾತು. ಬೇಡ ಅಂದರೆ ಬೇಡ. ಎರಡನೇ ಸಲ ಕೇಳಬಾರದು. ಕೇಳಿದರೆ ಅವನ ಮಾತಿಗೆ ಬೆಲೆ ಕೊಡಲಿಲ್ಲ ಅಂತ ಅರ್ಥ. ಉಣ್ಣುವಾಗ ಅವನ ಮುಖ ದಿಟ್ಟಿಸಿ ನೋಡಬಾರದು. ಅವನು ಕೈ ನಿಲ್ಲಿಸಿದ ಕೂಡಲೇ ತಟ್ಟೆ ಎತ್ತಬೇಕು!" ಖಾಲಿ ಪಾತ್ರೆ ಹಿಡಿದು "ಇನ್ನೂ ಸ್ವಲ್ಪ ಹಾಕಲೇ?" ಎಂದರೆ ಯಾರು ತಾನೇ ಬೇಕು ಅನ್ನುತ್ತಾರೆ? ಎಲ್ಲರೂ ಬೇಡ ಅನ್ನುತ್ತಿದ್ದರು, ನಾನು ಎತ್ತುತ್ತಿದ್ದೆ. ತಟ್ಟೆ ಎತ್ತುವುದರಲ್ಲಿ ರಂಗಸ್ವಾಮಿಯನ್ನು ಬಿಟ್ಟರಿಲ್ಲ ಎಂದು ಮೇಷ್ಟ್ರೇ ಹೇಳಿದರು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕಿದೆ.

ಆ ಹೊತ್ತಿಗೆ ನನ್ನ ತಂಗಿ ಜಯಮ್ಮನಿಗೆ ಗಂಡು ಬಂತು. ಹುಡುಗ ಬರಗೂರಿನವನು, ಹೆಸರು ಹನುಮಂತರಾಯ, ಶಿರಾದಲ್ಲಿ ಲೈನ್‌ಮನ್. ಇದರ ಹಿಂದೆ ಒಂದು ಗುಟ್ಟಿತ್ತು. ಜಯ ಶಿರಾದ ಚಿಕ್ಕಮ್ಮನ ಮನೆಗೆ ಹೋಗಿದ್ದಾಗ ಅವನು ಬೀದಿಯ ಕಂಬದಿಂದ ಇಳಿದು ಬಂದು ಕುಡಿಯಲು ನೀರು ಕೇಳಿದ್ದನಂತೆ. ಇವಳು ಕೊಟ್ಟು "ಸಾಕಾ?" ಅಂದಳಂತೆ. ಅವನು, "ಇನ್ನೊಂದು ಲೋಟ ಬೇಕು" ಅಂದನಂತೆ. ಅಷ್ಟೇ. ಅಷ್ಟಕ್ಕೇ ನನ್ನ ತಂಗಿ ಮನಸ್ಸು ಕೊಟ್ಟು ಕೂತಿದ್ದಳು. ಬಂದ ಗಂಡುಗಳನ್ನೆಲ್ಲ ಒಂದಲ್ಲ ಒಂದು ನೆಪ ಹೇಳಿ ಕಳಿಸಿದ್ದವಳು ಈ ಸಲ ತಾನೇ ಅಂಗಳ ಸಾರಿಸಿದಳು. ಇದನ್ನು ನನಗೆ ಹೇಳಿದವಳು ನನ್ನ ಹೆಂಡತಿ ಸರೋಜ. "ಈ ಸಂಬಂಧ ತಪ್ಪಿದ್ರೆ ಅವಳು ಇನ್ನೊಬ್ರಿಗೆ ಒಪ್ಪಲ್ಲ, ತಿಳ್ಕೊಳ್ಳಿ" ಎಂದೂ ಸೇರಿಸಿದಳು.

ಅಪ್ಪ ತೀರಿಕೊಂಡಿದ್ದರಿಂದ ಮನೆಗೆ ಯಜಮಾನ ನಾನು. ನಮ್ಮ ಕಡೆ ಗಂಡಿನವರು ಬಂದರೆ ಮೊದಲು ನೀರು, ಕಾಫಿ ಅಷ್ಟೇ. ಹೆಣ್ಣು ಒಪ್ಪಿಗೆಯಾದರೆ ಮಾತ್ರ ಊಟಕ್ಕೆ ಕೂರುತ್ತಾರೆ. ಹೊಟ್ಟೆ ತುಂಬ ಉಂಡು ಎದ್ದರೆ ಸಂಬಂಧ ಗಟ್ಟಿಯಾದಂತೆ. ಅಂದರೆ ಎಲ್ಲವೂ ನಿಂತಿರುವುದು ಊಟದ ಮೇಲೆ. ಇಂಥ ಊಟವನ್ನು ತರಬೇತಿಯಿಲ್ಲದ ಹೆಂಗಸರ ಕೈಗೆ ಬಿಡುವುದುಂಟೇ?

"ನೀವು ಮಾಡಿಕೊಡಿ, ಸಾಕು. ಬಡಿಸೋದು ನನ್ನ ಜವಾಬ್ದಾರಿ. ಅಡುಗೆಮನೆ ಬಿಟ್ಟು ಯಾರೂ ಹೊರಗೆ ಬರಕೂಡದು" ಎಂದು ಆಜ್ಞೆ ಮಾಡಿದೆ.

ಅವ್ವನಿಗೆ ಅನುಮಾನ. "ಲೇ ರಂಗ, ನೀನು ಒಂದು ದಿನ ಯಾರಿಗಾದ್ರೂ ಒಂದು ತೊಟ್ಟು ಸಾರು ಬಿಟ್ಟಿದ್ದೀಯೇನ್ಲಾ?"

"ಅವ್ವ, ನಂದು ಸರ್ಕಾರಿ ತರಬೇತಿ!"

ಅವ್ವ ಗೋಡೆಯ ಮೇಲಿನ ಸರ್ಟಿಫಿಕೇಟ್ ನೋಡಿದಳು. ಓದು ಬಾರದವಳು, ಪಾಪ, ನಂಬಿದಳು.

ಬಂದವರು ನಾಲ್ವರು. ಹುಡುಗ, ಅವನ ದೊಡ್ಡಪ್ಪ ಈರಣ್ಣ, ಇನ್ನಿಬ್ಬರು ನೆಂಟರು. ಈರಣ್ಣನವರು ಎತ್ತರದ ಆಳು, ದಪ್ಪ ಮೀಸೆ, ಮನೆತನಕ್ಕೆ ಅವರ ಮಾತೇ ಮಾತು. ಜಯ ಕಾಫಿ ತಂದು ಕೊಟ್ಟಳು. ಈರಣ್ಣನವರು ಅವಳನ್ನೂ ನೋಡಿದರು, ನೆಲ ನೋಡುತ್ತಿದ್ದ ತಮ್ಮ ಹುಡುಗನನ್ನೂ ನೋಡಿದರು. "ಎಲೆ ಹಾಕ್ಸಪ್ಪ" ಎಂದರು. ಒಳಗೆ ಬಳೆಗಳ ಸದ್ದಾಯಿತು. ನನಗೋ, ಸಂಬಂಧ ಮುಕ್ಕಾಲು ಪಾಲು ಗೆದ್ದ ಹಾಗೆ ಖುಷಿಯಾಯಿತು.

ಮುತ್ತುಗದ ಎಲೆ ಹಾಕಿದೆ. ಎಡಗೈ ಮೇಲೆ ಬಿಳಿ ಬಟ್ಟೆ ಇಳಿಬಿಟ್ಟುಕೊಂಡೆ. ಟೋಪಿಯನ್ನೂ ಹಾಕಿಕೊಳ್ಳುತ್ತಿದ್ದೆ, ಸರೋಜ ಬಚ್ಚಿಟ್ಟಿದ್ದಳು. ಕೋಸಂಬರಿ, ಪಲ್ಯ ಎಲ್ಲ ಚೊಕ್ಕವಾಗಿ ಬಡಿಸಿದೆ. ಎಲೆಗೊಂದೊಂದು ಒಬ್ಬಟ್ಟು ಹಾಕಿ ಮೇಲೆ ತುಪ್ಪ ಬಿಟ್ಟೆ. ಅದು ಮುಗಿಯುತ್ತಿದ್ದಂತೆ ಬುಟ್ಟಿ ಹಿಡಿದು ಈರಣ್ಣನವರ ಮುಂದೆ ನಿಂತು, ಅವರ ಮುಖ ನೋಡದೆ, ಎದುರಿನ ಗೋಡೆ ನೋಡುತ್ತ, "ಇನ್ನೂ ಸ್ವಲ್ಪ ಹಾಕಲೇ?" ಎಂದೆ.

ಅವರು ಎರಡೂ ಕೈ ಎಲೆಗೆ ಅಡ್ಡ ಹಿಡಿದು, "ಬ್ಯಾಡ ಬ್ಯಾಡ, ಸಾಕು ಕಣಪ್ಪ, ಹೊಟ್ಟೆ ತುಂಬೋಯ್ತು" ಎಂದರು.

"ಆಗಲಿ" ಎಂದು ಬಾಗಿ ಮುಂದೆ ಹೋದೆ.

ಪಕ್ಕದ ನೆಂಟರು "ನಂಗೂ ಬ್ಯಾಡಪ್ಪ" ಎಂದರು. ಆಗಲಿ. ಮತ್ತೊಬ್ಬರೂ ಬೇಡ ಎಂದರು. ಆಗಲಿ. ಹುಡುಗ ಬುಟ್ಟಿಯನ್ನೂ ನೋಡಿದ, ದೊಡ್ಡಪ್ಪನನ್ನೂ ನೋಡಿದ, ಎಂಜಲು ನುಂಗಿಕೊಂಡು "ಬ್ಯಾಡಿ" ಎಂದ. ಆಗಲಿ! ಅನ್ನಕ್ಕೂ ಹೀಗೇ ಆಯಿತು, ಪಾಯಸಕ್ಕೂ ಹೀಗೇ ಆಯಿತು. ತುಮಕೂರಿನಲ್ಲಿ ನಡೆದಂತೆಯೇ ಎಲ್ಲ ನಡೆಯುತ್ತಿತ್ತು. ಅಡುಗೆಮನೆ ಬಾಗಿಲಲ್ಲಿ ಸರೋಜ ಸೌಟು ಹಿಡಿದು ಕಣ್ಣು ಇಷ್ಟಗಲ ಬಿಟ್ಟು ಏನೇನೋ ಕೈಸನ್ನೆ ಮಾಡುತ್ತಿದ್ದಳು. ಮದುವೆಯಾದಾಗಿನಿಂದ ಅವಳು ನನ್ನ ಕೆಲಸವನ್ನು ಮೆಚ್ಚಿದ್ದೇ ಇಲ್ಲ. ಇವತ್ತಾದರೂ ಮೆಚ್ಚಿದಳಲ್ಲ ಎಂದು ಎದೆಯುಬ್ಬಿತು. ನಾನೂ ಕೈಯೆತ್ತಿ ಮೆಚ್ಚುಗೆ ಸ್ವೀಕರಿಸಿದೆ.

ಈರಣ್ಣನವರು ಎಂಜಲು ಕೈ ಮೊಣಕಾಲ ಮೇಲಿಟ್ಟು ಕೂತರು. ಏನನ್ನೋ ಕಾಯುತ್ತಿರುವಂತಿತ್ತು. ಅತಿಥಿ ಕೈ ನಿಲ್ಲಿಸಿದ್ದಾನೆ! ಮೇಷ್ಟ್ರ ದನಿ ಕಿವಿಯಲ್ಲಿ ಕೇಳಿದಂತಾಯಿತು. ಬಗ್ಗಿದೆ, ಎಡಬದಿಯಿಂದ ಎಲೆ ಮಡಿಚಿದೆ, ಎತ್ತಿಕೊಂಡೆ.

ಕೂತವರ ಮುಂದಿನ ಎಲೆ ಎತ್ತುವುದು ಅಂದರೆ ನಮ್ಮ ಸೀಮೆಯಲ್ಲಿ ಏನರ್ಥ ಎಂದು ನಾನು ಹೇಳಬೇಕಾಗಿಲ್ಲ. ಈರಣ್ಣನವರು ತಮ್ಮ ಮುಂದಿನ ಬರಿ ನೆಲವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಎದ್ದರು. ಎಲ್ಲರೂ ಎದ್ದರು. ಕೈ ತೊಳೆದರು, ಹೆಗಲಿಗೆ ಟವೆಲು ಹಾಕಿಕೊಂಡರು. "ಊರಿಗೋಗಿ ತಿಳಿಸ್ತೀವಿ" ಎಂದವರೇ ಮಧುಗಿರಿ ಬಸ್ಸು ಹತ್ತಿದರು.

ಜಗಲಿಯ ಮೇಲೆ ಗೆದ್ದವನ ಹಾಗೆ ಕೂತಿದ್ದೆ. ಒಳಗಿಂದ ಅವ್ವ ಕೂಗಿದಳು.

"ಲೇ ರಂಗ! ಒಬ್ಬಟ್ಟು ಮಾಡಿದ್ದು ಮಾಡ್ದಂಗೇ ಐತಲ್ಲೋ! ಬಂದೋರು ಉಂಡ್ರೋ ಇಲ್ವೋ?"

"ಉಂಡರು ಕಣವ್ವ. ಆಮೇಲೆ ಬೇಡ ಅಂದ್ರು."

"ಬ್ಯಾಡ ಅನ್ನದೆ ಇನ್ನೇನಂತಾರ್ಲಾ? ನೆಂಟರ ಮನೇಲಿ ಕುಂತ್ಕಂಡು ಬೇಕು ಬೇಕು ಅಂತಾರಾ? ಮಾನಸ್ತರು ಕಣ್ಲಾ ಅವ್ರು! ನೀನು ಎಷ್ಟು ಸಲ ಕೇಳ್ದೆ?"

"ಒಂದ್ಸಲ."

"ಒಂದ್ಸಲ!" ಅವ್ವ ಹಣೆ ಚಚ್ಚಿಕೊಂಡಳು. "ಇವನ ತರಬೇತಿಗೆ ಬೆಂಕಿ ಹಾಕ! ಅಯ್ಯೋ, ಉಣ್ಣೋಕೆ ಬಂದೋರ್ನ ಎಲೆ ಕಿತ್ಕಂಡು ಎಬ್ಬುಸ್ದಲ್ಲೋ!"

ಆಗ ತಿಳಿಯಿತು ನನಗೆ. ತಿಳಿದದ್ದಲ್ಲ, ನೆನಪಾಯಿತು. ನಾನೂ ಇದೇ ನೆಲದಲ್ಲಿ ಹುಟ್ಟಿದವನು. ನೆಂಟರ ಮನೆಯಲ್ಲಿ ಬೇಡ ಅನ್ನುವುದು ಊಟದ ಮುಕ್ತಾಯವಲ್ಲ, ಶುರು. ಬೇಡ ಅಂದವನ ಕೈ ಸರಿಸಿ, "ಒಂದಾದ್ರೂ ಹಾಕಿಸ್ಕಳಿ, ನನ್ನಾಣೆ" ಎಂದು ಹಾಕಬೇಕು. ಅವನು ಬೈಯಬೇಕು, ಬೈದುಕೊಂಡೇ ತಿನ್ನಬೇಕು. ಹುಟ್ಟಿದಾಗಿನಿಂದ ಗೊತ್ತಿದ್ದದ್ದನ್ನು ಖಾಲಿ ತಟ್ಟೆಯ ಮುಂದೆ ಮರೆತು ಬಂದಿದ್ದೆ.

ಜಯ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಬಾಗಿಲಿಗೆ ಒರಗಿ ನಿಂತು, "ಅಣ್ಣ, ನೀನು ಫಾರಿನ್‌ನವರಿಗೇ ಬಡಿಸಬೇಕಿತ್ತು" ಎಂದಳು, ಅಷ್ಟೇ. ಅಪ್ಪನಿದ್ದಿದ್ದರೆ ಅವಳಿಗೆ ಹೀಗಾಗಲು ಬಿಡುತ್ತಿರಲಿಲ್ಲ.

"ಕೂತ್ಕೊಂಡ್ರೆ ಆಗಲ್ಲ, ಏಳಿ" ಎಂದು ಸರೋಜ ಒಬ್ಬಟ್ಟಿನ ಬುಟ್ಟಿ ಎತ್ತಿಕೊಂಡಳು. "ಮಧುಗಿರಿಯಿಂದ ಶಿರಾ ಬಸ್ಸು ಹೊರಡೋದು ಸಾಯಂಕಾಲ. ಅಷ್ಟರಲ್ಲಿ ಅವರನ್ನ ಬಸ್‌ಸ್ಟ್ಯಾಂಡಲ್ಲಿ ಹಿಡೀಬೇಕು."

ಕಡಲೇಕಾಯಿ ಮೂಟೆ ತುಂಬಿದ ಲಾರಿಯೊಂದು ಸಿಕ್ಕಿತು. ಅವಳು ಬುಟ್ಟಿ ಮಡಿಲಲ್ಲಿಟ್ಟುಕೊಂಡು ಡ್ರೈವರ್ ಪಕ್ಕ ಕೂತಳು. ನಾನು ತುಪ್ಪದ ತಂಬಿಗೆ ಹಿಡಿದು ಮೂಟೆಗಳ ಮೇಲೆ ಕೂತೆ. ಮಧುಗಿರಿ ತಲುಪುವ ಹೊತ್ತಿಗೆ ಅರ್ಧ ತುಪ್ಪ ನನ್ನ ಅಂಗಿಯ ಮೇಲಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಅವರಿಲ್ಲ. ಪಕ್ಕದ ಹೋಟೆಲಿನೊಳಗಿಂದ ಕೇಳಿದ ದನಿಯ ಗುರುತು ಸಿಕ್ಕಿತು. "ಇನ್ನೊಂದು ಪ್ಲೇಟ್ ಇಡ್ಲಿ ತತ್ತಾರಪ್ಪ! ಸಾಂಬಾರ್ ಇಲ್ಲಿ ಸುರಿ! ಇನ್ನೂ ಹಾಕು, ಯಾಕಿಂಗೆ ಜಿಪುಣತನ ಮಾಡ್ತೀಯ?"

ಇಣುಕಿದೆ. ನಮ್ಮ ಮನೆಯಲ್ಲಿ ಹೊಟ್ಟೆ ತುಂಬಿ ಹೋಗಿದ್ದ ಅದೇ ಈರಣ್ಣನವರು! ಈ ಮಾತನ್ನು ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಕೊಂಡು ತಿನ್ನುವ ಕಡೆ ಮನುಷ್ಯ ಎದೆಯುಬ್ಬಿಸಿ ಬೇಕು ಅನ್ನುತ್ತಾನೆ. ಪ್ರೀತಿಯಿಂದ ಹಾಕುವ ಕಡೆ ಬಾಯಿ ಬಿಟ್ಟು ಕೇಳಲಾರ. ಕೇಳಿದ ಮೇಲೆ ಹಾಕಿದರೆ ಅದು ಪ್ರೀತಿಯಲ್ಲ ಎಂದೇ ನಮ್ಮವರ ಎಣಿಕೆ. ಮೇಷ್ಟ್ರು ಹೇಳಿದ್ದು ಹೋಟೆಲಿಗೆ ಸರಿಯೇ. ನಾನು ನಮ್ಮ ಮನೆಯನ್ನೇ ಹೋಟೆಲು ಮಾಡಿಬಿಟ್ಟಿದ್ದೆ. ಆದರೆ ಆವತ್ತು ಇಷ್ಟೆಲ್ಲ ಯೋಚಿಸಲು ಪುರುಸೊತ್ತಿರಲಿಲ್ಲ.

ನನ್ನನ್ನು ನೋಡಿದ ಈರಣ್ಣನವರು ಇಡ್ಲಿಯ ಮೇಲೆ ಟವೆಲು ಮುಚ್ಚಿದರು. ಮೀಸೆಯ ತುಂಬ ಸಾಂಬಾರು. "ಏನಿಲ್ಲ ತಮ್ಮಾ, ಸುಮ್ನೆ ಟೀ ಕುಡಿಯಾಣ ಅಂತ ಬಂದ್ವಿ."

"ದೊಡ್ಡಪ್ಪ, ತಪ್ಪಾಯ್ತು!" ಎಂದು ಕಾಲು ಹಿಡಿಯಲು ಬಗ್ಗಿದೆ. ಅಂಗಿಯ ತುಪ್ಪ ಅವರ ಪಂಚೆಗೂ ಆಯಿತು. ಹೋಟೆಲಿನವರು ಹೊರಗಿನ ತಿಂಡಿ ಒಳಗೆ ತರಬೇಡಿ ಎಂದು ಗದರಿದರು. ಎಲ್ಲರನ್ನೂ ಬೇವಿನ ಮರದ ಕೆಳಗೆ ಕೂರಿಸಿ ಸರೋಜ ಬುಟ್ಟಿ ಬಿಚ್ಚಿದಳು. ಈ ಸಲ ನಾನು ಬಿಡುವವನಲ್ಲ!

"ಬ್ಯಾಡ ಕಣಪ್ಪ, ಈಗ್ತಾನೆ ತಿಂದ್ವಿ."

"ಒಂದಾದ್ರೂ ಹಾಕಿಸ್ಕೊಳ್ಳಿ ದೊಡ್ಡಪ್ಪ!" ಹಾಕಿದೆ.

"ಆಗಲ್ಲ ಕಣೋ!"

"ನನ್ನಾಣೆ!" ಇನ್ನೊಂದು ಹಾಕಿದೆ. ಅವರು ಕೈ ಹಿಂದಕ್ಕೆಳೆದುಕೊಂಡರೆ ನಾನು ಕೈ ಹಿಡಿದೆಳೆದು ಹಾಕಿದೆ. ಎದ್ದು ನಿಂತರೆ ನಾನೂ ಎದ್ದು ನಿಂತು ಹಾಕಿದೆ. ಬೇವಿನ ಮರದ ಸುತ್ತ ಅವರು ಮುಂದೆ, ನಾನು ಹಿಂದೆ! ಅತ್ತ ಕಂಡಕ್ಟರ್ ಸೀಟಿ ಊದಿದ.

ಸರೋಜ ನನ್ನ ರಟ್ಟೆ ಹಿಡಿದಳು. "ರೀ, ಸಾಕು ಬುಡ್ರೀ! ಅವ್ರು ನಿಜವಾಗ್ಲೂ ಬೇಡ ಅಂತಿದಾರೆ!"

"ಇದು ನಿಜವಾದ ಬೇಡ ಅಂತ ನಿನಗೆ ಹೆಂಗೆ ಗೊತ್ತು?"

"ಮುಖ ನೋಡಿ!"

ಮುಖ ನೋಡಬಾರದೆಂದಲ್ಲವೇ ನನಗೆ ಕಲಿಸಿದ್ದು? ಆಗ ಮೊದಲ ಸಲ ನೋಡಿದೆ. ಈರಣ್ಣನವರ ಕಣ್ಣಲ್ಲಿ ನೀರು ತುಂಬಿತ್ತು. ಶಿರಾ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಮುಂದಿನದು ಬೆಳಿಗ್ಗೆಗೇ.

ಬೇರೆ ದಾರಿಯಿಲ್ಲದೆ ಎಲ್ಲರೂ ನಮ್ಮೂರಿಗೆ ವಾಪಸ್ಸು ಬಂದರು. ಈರಣ್ಣನವರು ಯಾರ ಜೊತೆಗೂ ಮಾತಾಡದೆ ಹೊಟ್ಟೆ ಹಿಡಿದುಕೊಂಡು ಮಲಗಿದರು. ಅವ್ವ ಓಂಕಾಳಿನ ಕಷಾಯ ಕಾಯಿಸಿಕೊಟ್ಟಳು. ನನ್ನನ್ನು ಅವರ ಹತ್ತಿರ ಸುಳಿಯಲು ಬಿಡಲಿಲ್ಲ.

ಬೆಳಿಗ್ಗೆ ಅವರು ಜಗಲಿಯ ಮೇಲೆ ಕೂತು ಕೆಮ್ಮಿದರು. ತೀರ್ಪು ಹೇಳುವ ಕೆಮ್ಮು. ಜಯ ಕಷಾಯದ ಲೋಟ ತಂದು ಮುಂದಿಟ್ಟಳು.

"ನೋಡವ್ವ," ಎಂದರು ಅವಳಿಗೆ. "ನಿನ್ನ ಮೇಲೆ ನಮಗೇನೂ ಇಲ್ಲ. ಆದ್ರೆ ನಿಮ್ಮಣ್ಣ ಒಂದ್ ದಪ ಎಲೆ ಎತ್ತಿ ಎಬ್ಬುಸ್ದ, ಇನ್ನೊಂದ್ ದಪ ಅಟ್ಟಾಡುಸ್ಕಂಡು ತಿನ್ನಿಸ್ದ. ಇಂಥ ಮನೇಲಿ ಹೆಂಗೆ ಸಂಬಂಧ ಮಾಡಾದು? ಈಗ ನಾವು ಈ ಸಂಬಂಧ ಬ್ಯಾಡ ಅಂದ್ರೆ, ನಿಮ್ಮಣ್ಣ ಎರಡನೇ ಸಲ ಕೇಳದಂಗೆ 'ಆಗಲಿ' ಅಂದ್ಬುಡ್ತಾನೆ."

ನಾನು ತಲೆ ತಗ್ಗಿಸಿದೆ. ಅವ್ವ ಸೆರಗು ಬಾಯಿಗೆ ಹಿಡಿದಳು. ಜಯ ಅಲ್ಲೇ ನಿಂತಿದ್ದಳು. ಲೋಟ ಇಟ್ಟ ಹೆಣ್ಣು ಒಳಗೆ ಹೋಗಬೇಕು. ಹೋಗಲಿಲ್ಲ.

"ಅಣ್ಣ ಅಂದ್ರೂ ಅಂದಾನು," ಎಂದಳು. "ನಾನನ್ನಲ್ಲ. ನಂಗೆ ಈ ಸಂಬಂಧ ಬೇಕು."

ನಮ್ಮ ಮನೆಯ ಹೆಂಗಸರ ಬಾಯಲ್ಲಿ, ಹೊರಗಿನವರ ಎದುರು, ಆ ಪದವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವ್ವ ಕೇಳಿರಲಿಲ್ಲ, ಬಹುಶಃ ಹೇಳಿಯೂ ಇರಲಿಲ್ಲ. ಎಲ್ಲರೂ ಸುತ್ತಿ ಬಳಸಿ ಬೇಡ ಬೇಡ ಅನ್ನುತ್ತಾ ಹಸಿದು ಕೂತಿದ್ದ ಕಡೆ ಒಬ್ಬಳು ನೇರವಾಗಿ ಕೇಳಿಬಿಟ್ಟಿದ್ದಳು.

ಈರಣ್ಣನವರ ಹಿಂದಿನಿಂದ ಲೈನ್‌ಮನ್ ಹನುಮಂತರಾಯ ನೆಲ ನೋಡುವುದನ್ನು ಬಿಟ್ಟು ತಲೆಯೆತ್ತಿದ. "ನಂಗೂ ಬೇಕು ದೊಡ್ಡಪ್ಪ" ಎಂದ.

ಈರಣ್ಣನವರು ಅವಳನ್ನು ನೋಡಿದರು, ಅವನನ್ನು ನೋಡಿದರು. ಕಷಾಯ ಪೂರ್ತಿ ಕುಡಿದು ಲೋಟ ಮುಂದೆ ಚಾಚಿದರು. "ಇನ್ನೊಂದು ಲೋಟ ಕೊಡವ್ವ" ಎಂದರು. "ನೀನೇ ಕೊಡು. ನಿಮ್ಮಣ್ಣನ್ನ ಮಾತ್ರ ಕಳುಸ್‌ಬ್ಯಾಡ."

ಮದುವೆ ಬರಗೂರಿನಲ್ಲಾಯಿತು. ಆವತ್ತು ಅಲ್ಲಿ ನಾವು ಅತಿಥಿಗಳು. ಬೆಳಗಿನಿಂದ ಓಡಾಡಿ ನನಗೆ ಕರುಳು ಕಿತ್ತುಬರುವ ಹಸಿವು. ಕೊನೇ ಪಂಕ್ತಿಯಲ್ಲಿ ಎಲೆ ಸಿಕ್ಕಿತು. ಬೀಗರಿಗೆ ಬಡಿಸಲು ಹೊಸ ಮದುಮಗನೇ ಒಬ್ಬಟ್ಟಿನ ಬುಟ್ಟಿ ಹಿಡಿದು ಬಂದ. ಹುಟ್ಟಿನಿಂದ ಬಂದ ಅಭ್ಯಾಸ ಎಲ್ಲಿ ಹೋಗುತ್ತದೆ? ಎರಡೂ ಕೈ ಎಲೆಗೆ ಅಡ್ಡ ಹಿಡಿದು, "ಬೇಡ ಬೇಡ ಭಾವನೋರೆ, ಸಾಕು" ಎಂದೆ.

ಹನುಮಂತರಾಯ ನೆಟ್ಟಗೆ ನಿಂತ. ಎಡಗೈ ಮೇಲೆ ಬಿಳಿ ಬಟ್ಟೆಯೊಂದು ಇಳಿಬಿದ್ದಿತ್ತು. ಎದುರಿನ ಕಂಬ ನೋಡುತ್ತ, "ಆಗಲಿ ಭಾವ" ಎಂದು ಬಾಗಿ ಮುಂದೆ ಹೋದ. ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ ಜಯ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳು ಹಾಗೆ ನಕ್ಕದ್ದನ್ನು ನೋಡಿ ನನಗೆ ಹಸಿವಿನಲ್ಲೂ ಸಮಾಧಾನವಾಯಿತು.

ಆದರೆ ಸಮಾಧಾನದಿಂದ ಹೊಟ್ಟೆ ತುಂಬುವುದಿಲ್ಲ. ಅಷ್ಟರಲ್ಲಿ ಈರಣ್ಣನವರು ಬಂದು ನನ್ನ ಮುಂದೆ ಬಗ್ಗಿ ಎಲೆಯ ತುದಿ ಹಿಡಿದರು. "ಸಾಕಲ್ವಾ ತಮ್ಮಾ?"

ನಾನು ಎಲೆಯನ್ನು ಎರಡೂ ಕೈಲಿ ಅದುಮಿ ಹಿಡಿದೆ. "ಬೇಕು ದೊಡ್ಡಪ್ಪ!" ಎಂದು ಕೂಗಿದೆ. "ನಂಗೆ ಒಬ್ಬಟ್ಟು ಬೇಕು!"

ಚಪ್ಪರಕ್ಕೆ ಚಪ್ಪರವೇ ತಿರುಗಿ ನೋಡಿತು. ಫಾರಿನ್‌ನವರು ಇವತ್ತಿನವರೆಗೂ ಬೆಟ್ಟ ಇಳಿದು ಬರಲಿಲ್ಲ, ಒಲೆ ಬಂತೋ ಇಲ್ಲವೋ ಗೊತ್ತಿಲ್ಲ. ಆದರೆ ನನ್ನ ತರಬೇತಿ ಪೂರ್ತಿಯಾದದ್ದು ಆವತ್ತು, ನನ್ನ ತಂಗಿಯಿಂದ. ಎಲೆಯ ಮೇಲೆ ಒಬ್ಬಟ್ಟು ಬಿತ್ತು. ಇನ್ನೊಂದು ಬಿತ್ತು, ಮತ್ತೊಂದು ಬಿತ್ತು. ಹೊಟ್ಟೆ ಬಿರಿಯುವಂತಾದಾಗ ಕೈ ಅಡ್ಡ ಹಿಡಿದು ಬೇಡ ಎಂದೆ. ಅದು ನಿಜವಾದ ಬೇಡ.

ಯಾರೂ ನಂಬಲಿಲ್ಲ.